ವರ್ಷಕ್ಕೊಮ್ಮೆ ಬರುವವರ ಹಬ್ಬ

ಕ್ರಿಸ್ಮಸ್ ರಾತ್ರಿಯ ಬಲಿಪೂಜೆ (ಕ್ಯಾಥೊಲಿಕರ ಮುಖ್ಯ ಆರಾಧನೆ, ಮಾಸ್) ಮುಗಿದು ಜನ ಹೊರಬರುವಾಗ ಚರ್ಚಿನ ಬಾಗಿಲಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: "ಇವರೆಲ್ಲ ವರ್ಷವಿಡೀ ಎಲ್ಲಿದ್ದರಂತೆ?" ಪ್ರತಿ ಭಾನುವಾರ ಪೂಜೆಗೆ ಬರುವ ನಮ್ಮಂಥವರದೇ ಮಾತು ಅದು. ನಾವು ಕೂರುವ ಬೆಂಚನ್ನು ಯಾರೋ ಹಿಡಿದಿರುತ್ತಾರೆ, ಏಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೋದಲಿಯ ಮುಂದೆ ಮೊಬೈಲ್ ಎತ್ತಿಕೊಂಡು ನಿಂತವರು ದಾರಿ ಬಿಡುವುದಿಲ್ಲ. ಕಿರಿಕಿರಿ ನಿಜ. ಆದರೂ ಈ ಗೊಣಗಾಟ ನನಗೆ ಹಿಡಿಸುವುದಿಲ್ಲ.

ಧರ್ಮಕೇಂದ್ರವೆಂಬುದು, ಅಂದರೆ ಗುರುವೊಬ್ಬರ ಪಾಲನೆಗೆ ಒಪ್ಪಿಸಿದ ಸ್ಥಳೀಯ ವಿಶ್ವಾಸಿಗಳ ಸಮುದಾಯ (ಪ್ಯಾರಿಷ್), ಚಂದಾ ಕಟ್ಟಿ ಸೇರುವ ಸಂಘವಲ್ಲ. ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆಯ 518ನೆಯ ವಿಧಿಯ ಪ್ರಕಾರ, ಸಾಮಾನ್ಯವಾಗಿ ಧರ್ಮಕೇಂದ್ರಕ್ಕೆ ಒಂದು ಭೂಪ್ರದೇಶವಿರುತ್ತದೆ. ಆ ಎಲ್ಲೆಯೊಳಗಿನ ವಿಶ್ವಾಸಿಗಳೆಲ್ಲ ಅದಕ್ಕೆ ಸೇರಿದವರು. ಪೂಜೆಗೆ ಬಂದರೂ ಸೇರಿದವರೇ, ಬಾರದಿದ್ದರೂ ಸೇರಿದವರೇ. 534ನೆಯ ವಿಧಿ ಇನ್ನೂ ಮುಂದೆ ಹೋಗುತ್ತದೆ: ಭಾನುವಾರಗಳಂದು ಮತ್ತು ಕಡ್ಡಾಯ ಹಬ್ಬಗಳಂದು ಧರ್ಮಕೇಂದ್ರದ ಗುರುಗಳು ತಮಗೆ ಒಪ್ಪಿಸಲಾದ ಜನರಿಗಾಗಿ ಒಂದು ಬಲಿಪೂಜೆಯನ್ನು ಅರ್ಪಿಸಲೇಬೇಕು. ಅಂದರೆ ವರ್ಷವಿಡೀ ಯಾರಿಗಾಗಿ ಪೂಜೆ ನಡೆದಿದೆಯೋ ಅವರು ಒಂದು ರಾತ್ರಿ ಎದುರಿಗೆ ಬಂದು ಕುಳಿತಿದ್ದಾರೆ. ನಾವೇಕೆ ಮುಖ ಸಿಂಡರಿಸಬೇಕು?

ಗೋದಲಿಯ ಕಥೆಯನ್ನೇ ನೋಡಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಸಂತ ಫ್ರಾನ್ಸಿಸ್ ಅಸಿಸಿಯವರು ಮೇವಿನ ತೊಟ್ಟಿ, ಹುಲ್ಲು, ನಿಜವಾದ ಎತ್ತು ಮತ್ತು ಕತ್ತೆಯನ್ನು ತರಿಸಿ ಬೆತ್ಲೆಹೇಮನ್ನು ಕಣ್ಣಮುಂದೆ ನಿಲ್ಲಿಸಿದರು. ಸುತ್ತಲಿನ ಜನ ಪಂಜು, ಮೇಣದಬತ್ತಿ ಹಿಡಿದು ಬಂದರು. ತೊಟ್ಟಿಯ ಬಳಿಯಲ್ಲೇ ಬಲಿಪೂಜೆ ನಡೆಯಿತು, ಫ್ರಾನ್ಸಿಸ್ ಶುಭಸಂದೇಶವನ್ನು ಹಾಡಿದರು. ಬಂದವರಲ್ಲಿ ಯಾರು ವಾರವಾರವೂ ಬರುವವರು ಎಂದು ಅಲ್ಲಿ ಯಾರೂ ಲೆಕ್ಕ ಹಾಕಿರಲಾರರು.

ಇನ್ನು ಪೂಜೆಯ ಶಿಸ್ತಿನ ವಿಷಯ. ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂದು ಇವರಿಗೆ ಗೊತ್ತಿಲ್ಲ ಎಂಬುದು ನಮ್ಮ ದೂರು. ಕ್ರಿಸ್ಮಸ್ ದಿನ, ಪೂಜೆಯಲ್ಲಿ ಎಲ್ಲರೂ ಒಟ್ಟಿಗೆ ಹೇಳುವ ವಿಶ್ವಾಸ ಪ್ರಮಾಣದಲ್ಲಿ ದೇವರು ಮನುಷ್ಯನಾದ ಎಂದು ಹೇಳುವ ಸಾಲು ಬಂದಾಗ ಎಲ್ಲರೂ ಮೊಣಕಾಲೂರಬೇಕು. ಹಾಗೆ ಮಾಡುವುದು ವರ್ಷದಲ್ಲಿ ಎರಡೇ ದಿನ, ಇನ್ನೊಂದು, ದೇವದೂತ ಮರಿಯಳಿಗೆ ಏಸುವಿನ ಜನನದ ಸುದ್ದಿ ತಿಳಿಸಿದ್ದನ್ನು ನೆನೆಯುವ ಮಂಗಳವಾರ್ತೆಯ ಹಬ್ಬ. ಆ ಗಳಿಗೆಯಲ್ಲಿ ಮುಂದಿನ ಬೆಂಚುಗಳತ್ತ ಒಮ್ಮೆ ಕಣ್ಣು ಹಾಯಿಸಿ. ಪಕ್ಕದವರು ಮೊಣಕಾಲೂರಿದ ಮೇಲೆ ಅವಸರದಲ್ಲಿ ಬಗ್ಗುವವರು ಯಾರೆಂದು ತಿಳಿಯುತ್ತದೆ. ಅರ್ಧಕ್ಕರ್ಧ ನಾವೇ, ಹಳಬರು!

ಗಾಯನವೃಂದದವರಿಗೂ ಒಂದು ಮಾತು, ಕೋಪ ಬೇಡ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಭಾನುವಾರಗಳಲ್ಲಿ ನಾವು ಮಹಿಮೆಯ ಗೀತೆ (ಗ್ಲೋರಿಯ) ಹಾಡುವುದಿಲ್ಲ. ನಾಲ್ಕು ಭಾನುವಾರ ಕಾದ ಮೇಲೆ ಆ ರಾತ್ರಿ ಅದು ಗಂಟೆಗಳ ಸದ್ದಿನೊಡನೆ ಮರಳಿ ಬರುತ್ತದೆ. ಏಸು ಹುಟ್ಟಿದ ರಾತ್ರಿ ದೇವದೂತರು ಅದರ ಮೊದಲ ಸಾಲನ್ನು ಹಾಡಿದ್ದು ಕುರುಬರಿಗಾಗಿ. ಆದರೆ ನಾವು ಅದಕ್ಕೆ ನಾಲ್ಕು ಧ್ವನಿಗಳ ಹೊಸ ರಾಗ ಕಟ್ಟಿ, ಚರ್ಚಿನ ತುಂಬ ಇರುವ ಜನರನ್ನು ಸುಮ್ಮನೆ ಕೇಳುವ ಪ್ರೇಕ್ಷಕರನ್ನಾಗಿ ಮಾಡುತ್ತೇವೆ. ತಿಂಗಳುಗಟ್ಟಲೆ ಮಾಡಿದ ಅಭ್ಯಾಸವನ್ನು ಹಬ್ಬದ ಬೇರೆ ಗೀತೆಗಳಲ್ಲಿ ತೋರಿಸಬಹುದಲ್ಲ? ಈ ಒಂದನ್ನು, ಬಾಲ್ಯದಲ್ಲಿ ಕಲಿತು ಅರ್ಧ ಮರೆತವನೂ ದನಿಗೂಡಿಸುವ ಹಳೆಯ ರಾಗದಲ್ಲೇ ಹಾಡಿ.

ಮುಂದಿನ ಬೆಂಚುಗಳ ಮೇಲಿನ "ಕಾಯ್ದಿರಿಸಲಾಗಿದೆ" ಎಂಬ ಚೀಟಿಗಳಂತೂ ಹೋಗಲೇಬೇಕು. ವೃದ್ಧರಿಗೆ, ಅಂಗವಿಕಲರಿಗೆ, ಹಸುಗೂಸನ್ನು ಎತ್ತಿಕೊಂಡ ತಾಯಂದಿರಿಗೆ ಇರಲಿ, ತಕರಾರಿಲ್ಲ. ಪಾಲನಾ ಸಮಿತಿಯವರಿಗೆ, ದೊಡ್ಡ ಕಾಣಿಕೆ ಕೊಟ್ಟವರಿಗೆ ಏಕೆ? ಏಸು ಹುಟ್ಟುವಾಗ ಅವನ ತಾಯ್ತಂದೆಗೆ ಛತ್ರದಲ್ಲಿ ಸ್ಥಳವಿರಲಿಲ್ಲ ಎಂಬ ಸಂತ ಲೂಕನ ಮಾತನ್ನು ಓದುವ ರಾತ್ರಿಯೇ ಸ್ಥಳ ಕಾಯ್ದಿರಿಸಲು ನಮಗೆ ಸಂಕೋಚವೂ ಆಗುವುದಿಲ್ಲವೆಂದರೆ ಆಶ್ಚರ್ಯ.

ಕೊನೆಯಲ್ಲಿ ಪ್ರಕಟಣೆ ಓದುವವರು "ಇನ್ನು ಈಸ್ಟರ್‌ಗೆ ಭೇಟಿಯಾಗೋಣ" ಎಂದು ನಗಿಸುವುದುಂಟು. ಹಂಗಿಸಿ ಕಳುಹಿಸಿದರೆ ಮುಂದಿನ ವಾರ ಯಾರು ಬಂದಾರು? ಅಷ್ಟಕ್ಕೂ ಕ್ರಿಸ್ಮಸ್ ಕಾಲ ಡಿಸೆಂಬರ್ 24ರ ಸಂಜೆ ಶುರುವಾಗಿ ಜನವರಿಯಲ್ಲಿ ಬರುವ ಪ್ರಭುವಿನ ಸ್ನಾನದೀಕ್ಷೆಯ ಹಬ್ಬದವರೆಗೂ ನಡೆಯುತ್ತದೆ. ಆ ದಿನಗಳ ಪೂಜೆಯ ವೇಳೆ, ಪಾಪನಿವೇದನೆಗೆ ಗುರುಗಳು ಸಿಗುವ ಸಮಯ, ಮಕ್ಕಳ ಧರ್ಮೋಪದೇಶ ತರಗತಿಗೆ ಹೆಸರು ಕೊಡಬೇಕಾದ ಜಾಗ, ಇಷ್ಟನ್ನು ಸ್ಪಷ್ಟವಾಗಿ ಓದಿ ಹೇಳಿದರೆ ಸಾಕು.