ಸೂರ್ಯ ದೇವರೇ, ಹಬ್ಬ ಮುಗಿಯೋ ತನಕ ಸ್ವಲ್ಪ ಆಫ್ ಆಗ್ತೀರಾ?

ಸೂರ್ಯ ಮೀನ ರಾಶಿ ಬಿಟ್ಟು ಮೇಷಕ್ಕೆ ಕಾಲಿಡೋ ದಿನ ನಮ್ಮ ತುಳುನಾಡಲ್ಲಿ ಬಿಸು, ಶ್ರೀಲಂಕಾದಲ್ಲಿ ಸಿಂಹಳ-ತಮಿಳು ಹೊಸ ವರ್ಷ. ಹೆಂಗೆ ನೋಡಿದ್ರೂ ಸೂರ್ಯನ ಹಬ್ಬಾನೇ. 2025ರಲ್ಲಿ ಈ ಹಬ್ಬ ಬಂದಾಗ ಶ್ರೀಲಂಕಾದ ಸರ್ಕಾರಿ ವಿದ್ಯುತ್ ಮಂಡಳಿ ಜನರಿಗೆ ಒಂದು ವಿನಂತಿ ಮಾಡಿಕೊಳ್ತು: ಏಪ್ರಿಲ್ 13ರಿಂದ 21ರವರೆಗೆ ಮಧ್ಯಾಹ್ನ 3 ಗಂಟೆ ತನಕ ಮನೆ ಮೇಲಿನ ಸೋಲಾರ್ ಆಫ್ ಮಾಡಿಡಿ ಅಂತ. ಆಫೀಸು ಫ್ಯಾಕ್ಟರಿ ಎಲ್ಲಾ ರಜೆ, ಕರೆಂಟ್ ಕೇಳೋರಿಲ್ಲ, ಬಿಸಿಲು ಮಾತ್ರ ಧಗಧಗ ಅಂತಿದೆ, ಹಿಂಗೇ ಬಿಟ್ರೆ ಗ್ರಿಡ್ (ದೇಶದ ಇಡೀ ಕರೆಂಟ್ ಜಾಲ) ಮಗುಚಿಕೊಳ್ಳುತ್ತೆ ಅನ್ನೋದು ಅವರ ಭಯ.

ಅಲ್ಲಿ ಹಳೇ ವರ್ಷಕ್ಕೂ ಹೊಸ ವರ್ಷಕ್ಕೂ ಮಧ್ಯೆ ನೋನಗತೆ ಅಂತ ಒಂದು ಹೊತ್ತು ಇದೆ. ಆಗ ಒಲೆ ಹಚ್ಚೋ ಹಾಗಿಲ್ಲ, ಕೆಲಸ ಮುಟ್ಟೋ ಹಾಗಿಲ್ಲ, ಜ್ಯೋತಿಷಿಗಳು ಇಟ್ಟ ಮುಹೂರ್ತಕ್ಕೇ ಇಡೀ ದೇಶ ಒಟ್ಟಿಗೆ ಒಲೆ ಹಚ್ಚಿ ಹಾಲು ಉಕ್ಕಿಸುತ್ತೆ. ಚೆಂದದ ಪದ್ಧತಿ, ಮುಗಿಯೋದೂ ಕೆಲವೇ ಗಂಟೆಲಿ. ಮಂಡಳಿಯವರು ಇದನ್ನ ಸೀದಾ ಸೂರ್ಯನಿಗೇ ಅಪ್ಲೈ ಮಾಡಿ ಒಂಬತ್ತು ದಿನಕ್ಕೆ ಎಳೆದುಬಿಟ್ರು.

ತಮಾಷೆ ಅಂದ್ರೆ ಅದಕ್ಕೆ ಬರೀ ಎಂಟು ದಿನ ಮುಂಚೆ, ಏಪ್ರಿಲ್ 5ಕ್ಕೆ, ನಮ್ಮ ಪ್ರಧಾನಿ ಮೋದಿ ಅಲ್ಲೇ ಇದ್ರು. 5,000 ಧಾರ್ಮಿಕ ಸ್ಥಳಗಳ ಮೇಲೆ ಸೋಲಾರ್ ಕೂರಿಸೋ ಯೋಜನೆ ಉದ್ಘಾಟನೆ ಆಯ್ತು, ಸಂಪೂರ್‌ನಲ್ಲಿ 120 ಮೆಗಾವ್ಯಾಟ್ ಸೋಲಾರ್ ಸ್ಥಾವರಕ್ಕೆ ಆನ್‌ಲೈನಲ್ಲೇ ಭೂಮಿಪೂಜೆ ಆಯ್ತು, ಫೋಟೋ ಕ್ಲಿಕ್ಕಾಯ್ತು, ಎಲ್ಲರೂ ಚಪ್ಪಾಳೆ ತಟ್ಟಿದ್ರು. ಮುಂದಿನ ವಾರ ಅದೇ ದೇಶದ ಜನ ಏಣಿ ಹಾಕ್ಕೊಂಡು ಇನ್ವರ್ಟರ್ (ಪ್ಯಾನಲ್ ಕರೆಂಟನ್ನ ಮನೆ ಕರೆಂಟ್ ಮಾಡೋ ಡಬ್ಬ) ಸ್ವಿಚ್ ಹುಡುಕ್ತಾ ಇದ್ರು.

ಇದೇನು ಕರೆಂಟ್ ತುಂಬಿ ತುಳುಕೋ ದೇಶಾನಾ ಅಂದ್ರೆ ಅದೂ ಅಲ್ಲ. ಸ್ವಂತ ಕಲ್ಲಿದ್ದಲು ಇಲ್ಲ, ಸ್ವಂತ ಎಣ್ಣೆ ಇಲ್ಲ, ಎಲ್ಲಾ ಹಡಗಲ್ಲೇ ಬರಬೇಕು. 2022ರಲ್ಲಿ ಡಾಲರ್ ಖಾಲಿಯಾದಾಗ ಡೀಸೆಲ್ ಹಡಗು ಕೊಲಂಬೋ ಕಡಲಲ್ಲೇ ಲಂಗರು ಹಾಕಿ ದುಡ್ಡು ಕೊಡಿ ಆಮೇಲೆ ಇಳಿಸ್ತೀವಿ ಅಂತ ಕೂತಿತ್ತು, ದಿನಕ್ಕೆ 13 ಗಂಟೆ ಕರೆಂಟ್ ಇಲ್ಲ, ಪೇಪರ್ ಇಲ್ಲ ಅಂತ ಸ್ಕೂಲ್ ಪರೀಕ್ಷೆ ಮುಂದೂಡಿದ್ರು, ವಾರಕ್ಕೆ ಇಷ್ಟೇ ಪೆಟ್ರೋಲ್ ಅಂತ ಅಳೆದು ಕೊಡೋಕೆ ಕ್ಯೂಆರ್ ಕೋಡ್ ಬಂತು. ಆಗ ಅದೇ ಸರ್ಕಾರ, ಬನ್ನಿ ಸೋಲಾರ್ ಹಾಕಿ, ಯೂನಿಟ್‌ಗೆ 37 ರೂಪಾಯಿ (ಅವರ ರೂಪಾಯಿ) ಕೊಡ್ತೀವಿ ಅಂತು. ಕತ್ತಲಲ್ಲಿ ಬೆವರಿದ ಜನ ಬಿಡ್ತಾರಾ, ಸಾಲ ಮಾಡಿ, ಒಡವೆ ಅಡ ಇಟ್ಟು ಪ್ಯಾನಲ್ ಹತ್ತಿಸಿದ್ರು, ಸೋಲಾರ್ ಮನೆಗಳ ಲೆಕ್ಕ ಲಕ್ಷ ದಾಟಿತು. ಇತ್ತ ಹೊಸ ಗಿರಾಕಿಗಳಿಗೆ ರೇಟು 27ಕ್ಕೆ ಇಳೀತು, ಆಮೇಲೆ 20ರ ಆಸುಪಾಸಿಗೆ. ಅಂದ್ರೆ ನೀವು ಬೇಕಾದಾಗ ಅಣ್ಣ, ಬೇಡವಾದಾಗ ದಾರಿ ನೋಡ್ಕೋ ತಮ್ಮ.

ಇನ್ನು ಕೋತಿ ವಿಷಯಕ್ಕೆ ಬರೋಣ, ಇಷ್ಟೊತ್ತೂ ತಡ್ಕೊಂಡಿದ್ದೀನಿ. 2025ರ ಫೆಬ್ರವರಿ 9, ಭಾನುವಾರ ಬೆಳಗ್ಗೆ 11 ದಾಟಿತ್ತು, ಇಡೀ ದ್ವೀಪದ ಕರೆಂಟ್ ಒಂದೇ ಏಟಿಗೆ ಢಮಾರ್. ಇಂಧನ ಮಂತ್ರಿ ಕುಮಾರ ಜಯಕೋಡಿ ಬಂದು ಹೇಳಿದ್ದು, ಪಾಣದುರ ಸಬ್‌ಸ್ಟೇಷನ್ನಲ್ಲಿ ಒಂದು ಕೋತಿ ಟ್ರಾನ್ಸ್‌ಫಾರ್ಮರ್ ಮುಟ್ಟಿಬಿಡ್ತು ಅಂತ. ಎರಡು ಕೋಟಿಗೂ ಹೆಚ್ಚು ಜನ, ಒಂದು ಕೋತಿ. ಲಂಕೆಗೂ ಕೋತಿಗೂ ಇರೋ ಹಳೇ ಲೆಕ್ಕದ ಜೋಕು ಆವತ್ತು ಸಂಜೆಯೊಳಗೇ ವಾಟ್ಸಾಪಲ್ಲಿ ಓಡಾಡಿ ಸವೆದುಹೋಗಿದೆ, ನಾನು ಮತ್ತೆ ಹೊಡೆಯಲ್ಲ. ನಂಗೆ ನೆನಪಾಗಿದ್ದು ಬೇರೆ ಕಥೆ. ಹಣ್ಣು ಅಂದ್ಕೊಂಡು ಸೂರ್ಯನ್ನ ನುಂಗೋಕೆ ಹಾರಿದ ಬಾಲ ಹನುಮನಿಗೆ ಇಂದ್ರ ವಜ್ರಾಯುಧದಲ್ಲಿ ಬಾರಿಸಿದ್ನಲ್ಲ, ಇಲ್ಲಿ ಪೂರ್ತಿ ಉಲ್ಟಾ, ಕೋತಿ ಸೂರ್ಯನ ತಂಟೆಗೇ ಹೋಗಿಲ್ಲ, ಆದ್ರೂ ಏಟು ಅದಕ್ಕೇ. ಯಾಕಂದ್ರೆ ಆಮೇಲೆ ಮಂಡಳಿಯವರೇ ಬಾಯಿಬಿಟ್ರು: ಭಾನುವಾರ ಬೇಡಿಕೆ ಕಮ್ಮಿ, ಸೋಲಾರ್ ಜಾಸ್ತಿ, ಸಿಸ್ಟಮ್ಮಲ್ಲಿ ಇನರ್ಷಿಯಾ ಸಾಲಲಿಲ್ಲ, ಅದಕ್ಕೇ ಸಣ್ಣ ಏಟಿಗೂ ತಡ್ಕೊಳ್ಳಲಿಲ್ಲ ಅಂತ.

ಈ ಇನರ್ಷಿಯಾ ಅನ್ನೋದು ಕಾಗಕ್ಕ ಗುಬ್ಬಕ್ಕನ ಕಥೆ ಅಲ್ಲ, ನಿಜಾನೇ. ಡ್ಯಾಮಲ್ಲೋ ಕಲ್ಲಿದ್ದಲ ಸ್ಥಾವರದಲ್ಲೋ ತಿರುಗೋ ಟರ್ಬೈನು ಬೀಸೋ ಕಲ್ಲಿನ ಥರ, ಕೈ ಬಿಟ್ರೂ ಭಾರಕ್ಕೆ ಇನ್ನೊಂದು ಸುತ್ತು ತಾನೇ ಹೋಗುತ್ತೆ, ಅಷ್ಟರಲ್ಲಿ ಕಂಟ್ರೋಲ್ ರೂಮಿನವರು ಎಚ್ಚರ ಆಗಬಹುದು. ಸೋಲಾರ್ ಪ್ಯಾನಲ್ಲಲ್ಲಿ ತಿರುಗೋದೇ ಏನಿಲ್ಲ. ಕರೆಂಟಿನ ಫ್ರೀಕ್ವೆನ್ಸಿ (ಅದು ಮಿಡಿಯೋ ವೇಗ) 50 ಹರ್ಟ್ಜ್‌ನಿಂದ ಜಾಸ್ತಿ ಆಚೀಚೆ ಆದ್ರೆ ಇನ್ವರ್ಟರುಗಳು ನಮಗ್ಯಾಕಪ್ಪಾ ಅಂತ ಒಟ್ಟಿಗೇ ಕೈಯೆತ್ತಿಬಿಡ್ತವೆ. ಅವತ್ತು ನೊರೊಚ್ಚೋಲೈನ 900 ಮೆಗಾವ್ಯಾಟ್ ಕಲ್ಲಿದ್ದಲ ಸ್ಥಾವರಾನೂ ಮಲಗಿಬಿಡ್ತು, ಮುಂದೆ ದಿನಕ್ಕೆ ಒಂದೂವರೆ ಗಂಟೆ ಲೋಡ್ ಶೆಡ್ಡಿಂಗ್.

ಆದ್ರೆ ಇದು ನಿನ್ನೆ ಮೊನ್ನೆ ಗೊತ್ತಾದ ವಿಷ್ಯಾನಾ ಸ್ವಾಮಿ? ಮನೆ ಮನೆಗೂ ಸೋಲಾರ್ ಅಂತ ಸರ್ಕಾರದ ಸೂರ್ಯಬಲ ಸಂಗ್ರಾಮ ಶುರುವಾಗಿದ್ದು 2016ರಲ್ಲಿ. 2030ಕ್ಕೆ 70 ಪರ್ಸೆಂಟ್ ನವೀಕರಿಸಬಹುದಾದ ಇಂಧನ ಅಂತ ಗುರಿ ಬೇರೆ. ಇಷ್ಟು ವರ್ಷ ಜನ ಛಾವಣಿ ತುಂಬಿಸಿದ್ರು, ಹಗಲು ಹೆಚ್ಚಾಗಿದ್ದನ್ನ ರಾತ್ರಿಗೆ ಕೂಡಿಡೋಕೆ ಬ್ಯಾಟರಿ, ಪಂಪ್ಡ್ ಸ್ಟೋರೇಜ್ (ಹಗಲು ನೀರು ಮೇಲಕ್ಕೆ ಎತ್ತಿ ರಾತ್ರಿ ಬಿಟ್ಟು ಕರೆಂಟ್ ಮಾಡೋದು) ಇತ್ಯಾದಿ ಮಾತ್ರ ಫೈಲಲ್ಲೇ ಚಾರ್ಜ್ ಆಗ್ತಿದ್ವು. ಈಗ ಆಗೋದೇನು, ಹಬ್ಬದ ಮಧ್ಯಾಹ್ನ ಪುಕ್ಕಟೆ ಬಿಸಿಲು ಆಫ್, ಗ್ರಿಡ್ ಅಲುಗಾಡಬಾರದು ಅಂತ ಡಾಲರ್ ಕೊಟ್ಟು ತಂದ ಕಲ್ಲಿದ್ದಲು ಆನ್, ಸಾಯಂಕಾಲ ಲೈಟ್ ಹಚ್ಚೋ ಹೊತ್ತಿಗೆ ಅದರ ಮೇಲೆ ಎಣ್ಣೆ ಬೇರೆ ಸುಡೋದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಯಾವ ಛಾವಣಿಲಿ ಎಷ್ಟು ಕರೆಂಟ್ ಹುಟ್ಟುತ್ತಿದೆ ಅಂತ ಕಂಟ್ರೋಲ್ ರೂಮಿಗೆ ಆ ಕ್ಷಣಕ್ಕೆ ಕಾಣ್ತಾನೂ ಇರಲಿಲ್ಲ, ಅಲ್ಲಿಂದ ಆಫ್ ಮಾಡೋಕೂ ಬರ್ತಿರಲಿಲ್ಲ, ಅದಕ್ಕೇ ತಾನೇ ಕೈಮುಗಿದು ಕೇಳಿಕೊಂಡಿದ್ದು. ಆದ್ರೆ ಕೋತಿ ಲೆಕ್ಕ ಪಕ್ಕಾ. ಬ್ಲ್ಯಾಕೌಟ್ ಆದ ಮುಂದಿನ ತಿಂಗಳು, ಮಾರ್ಚ್ 15ಕ್ಕೆ, ಬೆಳಗ್ಗೆ 8ರಿಂದ ಐದೇ ನಿಮಿಷ, ಎಲ್ಲರೂ ಅವರವರ ತೋಟ ಹಿತ್ತಲಲ್ಲಿ ನಿಂತು ಕೋತಿ, ನವಿಲು, ಅಳಿಲು ಎಣಿಸಬೇಕು ಅಂತ ಸರ್ಕಾರ ಗಣತಿ ಮಾಡಿಸ್ತು. ಬೆಳೆ ಹಾಳು ಮಾಡ್ತವೆ ಅಂತ ಅದು, ಕರೆಂಟಿಗೆ ಸಂಬಂಧ ಇಲ್ಲ, ಆದ್ರೂ ಆ ಬಡಪಾಯಿ ಕೋತಿಗಳು ಏನಂದ್ಕೊಂಡಿರಬೇಕು ಹೇಳಿ.

ಆಮೇಲೆ ಹೊಸ ರಾಗ ಶುರುವಾಯ್ತು: ಮನೇಲಿ ಬ್ಯಾಟರಿ ಇಟ್ಕೊಳ್ಳಿ, ಹಗಲು ತುಂಬಿಸಿ ರಾತ್ರಿ ಕೊಡಿ, ಡಬಲ್ ರೇಟು. ಐಡಿಯಾ ಚೆನ್ನಾಗೇ ಇದೆ, ಬ್ಯಾಟರಿ ಬರೋದು ಮಾತ್ರ ಚೀನಾದಿಂದ, ಮತ್ತದೇ ಡಾಲರ್ ಕೊಟ್ಟು. ಇದಕ್ಕೆ ದಾರಿ ಇಲ್ಲದೇ ಇಲ್ಲ. ಇರಾನಿಗೆ ಕೊಡಬೇಕಿದ್ದ 25 ಕೋಟಿ ಡಾಲರ್ ಎಣ್ಣೆ ಸಾಲಕ್ಕೆ ಟೀ ಸೊಪ್ಪು ಕೊಟ್ಟು ತೀರಿಸ್ತೀವಿ ಅಂತ ಒಪ್ಪಂದ ಮಾಡ್ಕೊಂಡ ದೇಶ ಇದು. 2023ರಲ್ಲಿ ಒಂದು ಲಕ್ಷ ಕೋತಿನ ಚೀನಾಕ್ಕೆ ಕಳಿಸ್ತೀವಿ ಅಂತಾನೂ ಕೃಷಿ ಮಂತ್ರಿ ಹೊರಟಿದ್ರು, ಗಲಾಟೆ ಆಗಿ ನಿಂತುಹೋಯ್ತು. ಆ ಫೈಲು ಇನ್ನೂ ಎಲ್ಲೋ ಇರುತ್ತೆ, ಹುಡುಕಿ ಧೂಳು ಒರೆಸಿ, ಒಂದು ಕೋತಿಗೆ ಎಷ್ಟು ಕಿಲೋವ್ಯಾಟ್ ಅವರ್ ಬ್ಯಾಟರಿ ಅಂತ ಚೌಕಾಸಿ ಶುರು ಮಾಡಿದ್ರೆ ಮುಂದಿನ ಹಬ್ಬದೊಳಗೆ ಮೊದಲ ಹಡಗು ಬಂದುಬಿಡಬಹುದು.