ಬರೀ ಒಂದು ಪಿಲ್ಲರ್ ಅಲ್ವೇನ್ರಿ

"ಬರೀ ಒಂದು ಪಿಲ್ಲರ್ ಅಲ್ವೇನ್ರಿ, ಶಟರ್‌ಗೆ ಅಡ್ಡ ಬರ್ತದೆ, ಒಂದಡಿ ಆ ಕಡೆ ಸರಿಸಿಬಿಡ್ರಿ" ಅಂದಿದ್ರು ಸಾವ್ಕಾರ್ರು. ಮನೇಲಿ ಮಂಚ ಸರಿಸೋ ಥರ. ಅಷ್ಟೊತ್ತಿಗೆ ಫುಟಿಂಗ್, ಅಂದ್ರೆ ಪಿಲ್ಲರಿನ ತಳಪಾಯ, ಹಾಕಿ ಮಣ್ಣು ಮುಚ್ಚಿಯಾಗಿತ್ತು, ಪಿಲ್ಲರ್ ಕಬ್ಬಿಣ ಆಳೆತ್ತರ ನಿಂತಿತ್ತು, ಆ ಕಬ್ಬಿಣನ ಬುಡದಲ್ಲಿ ಬಗ್ಗಿಸಿ ಆಚೆ ತಂದು ಮೇಲೆ ಮತ್ತೆ ನೆಟ್ಟಗೆ ಮಾಡಿದ್ರೆ ಆಯ್ತಲ್ಲ ಅಂತ ಅವರ ಐಡಿಯಾ, ಅದಕ್ಕೆ ಬಾರ್ ಬೆಂಡರ್ ಹುಡುಗ ಬೇರೆ "ಮಾಡಬಹುದು ಸಾರ್" ಅಂತ ತಲೆ ಆಡಿಸ್ದ. ನಾನು ಆಗಲ್ಲ ಅಂದೆ. ಡಿಸೈನ್ ಮಾಡಿದೋರಿಗೆ ಒಂದು ಫೋನ್ ಮಾಡೋಣ, ಅವರು ಹೂಂ ಅಂದ್ರೆ ಮಾಡೋಣ ಅಂದೆ. "ಅವರಿಗ್ಯಾಕೆ ಫೋನು, ಮತ್ತೆ ಫೀಸ್ ಕೇಳ್ತಾರೆ." ಮುಂದಿನ ಸೋಮವಾರ ಸೈಟಿಗೆ ಹೋದ್ರೆ ನನ್ನ ಜಾಗದಲ್ಲಿ ಬೇರೆ ಸೂಪರ್‌ವೈಸರ್ ಕುರ್ಚಿ ಹಾಕ್ಕೊಂಡು ಕೂತಿದ್ದ. ಆರು ವರ್ಷದ ಹಿಂದಿನ ಮಾತು, ದಾವಣಗೆರೆಲೇ, ಯಾವ ರೋಡು ಯಾವ ಬಿಲ್ಡಿಂಗು ಅಂತ ಕೇಳಬೇಡ್ರಿ, ಹೇಳಲ್ಲ.

ಈಗ ಯಾಕೆ ನೆನಪಾಯ್ತು ಅಂದ್ರೆ, ಹೋದ ಭಾನುವಾರ ಅಕ್ಕನ ಮಗ ಬಂದಿದ್ದ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ಸಂಜೆ ಇಬ್ರೂ ಮಂಡಕ್ಕಿ ಮಿರ್ಚಿ ತಿನ್ಕೊಂಡು ನಿಂತಿದ್ವಿ. ಮೂವತ್ತನೇ ಫ್ಲೋರಲ್ಲಿ ಒಂದು ಫ್ಲ್ಯಾಟ್ ನೋಡಿದಾರಂತೆ, ಹೆಂಡ್ತಿಗೆ ಇಷ್ಟ, ಇವನಿಗೆ ಭಯ. "ಮಾವ, ಅಷ್ಟೆತ್ತರ ಸೇಫಾ? ಗಾಳಿಗೆ ಅಲ್ಲಾಡುತ್ತಂತಲ್ಲ?" ಅಂದ. ಅಲ್ಲಾಡಲೇಬೇಕು ಕಣಪ್ಪ, ಎಷ್ಟು ಅಲ್ಲಾಡಬೇಕು ಅಂತ ಮೊದಲೇ ಲೆಕ್ಕ ಹಾಕಿರ್ತಾರೆ ಅಂದೆ. ಮಿರ್ಚಿ ಕೈಯಲ್ಲೇ ಹಿಡ್ಕೊಂಡು ನನ್ನ ಮುಖ ನೋಡಿದ. ಅವನು ಈಗ ಬಾಡಿಗೆಗಿರೋದು ಇಪ್ಪತ್ತಕ್ಕೆ ಮೂವತ್ತು ಅಡಿ ಸೈಟಲ್ಲಿ ಎಬ್ಬಿಸಿರೋ ಐದು ಫ್ಲೋರಿನ ಮನೆ, ಕೆಳಗೆ ಪೂರ್ತಿ ಪಾರ್ಕಿಂಗು, ಮೇಲೆ ಓನರ್ ಆಮೇಲೆ ಸೇರಿಸಿದ ಪೆಂಟ್‌ಹೌಸು, ಅದಕ್ಕೆ ಇವನಿಗೆ ಒಂದು ದಿನಾನೂ ಭಯ ಆಗಿಲ್ಲ! ನನಗೆ ಆ ಮನೆಗೆ ಹೋದಾಗೆಲ್ಲ ಸರಿಯಾಗಿ ನಿದ್ದೆ ಬರಲ್ಲ.

ಗಾಳಿ ವಿಷ್ಯ ಬಂತಲ್ಲ, ಅದನ್ನ ಸ್ವಲ್ಪ ಹೇಳಿಬಿಡ್ತೀನಿ. ನಮ್ಮಜ್ಜಿ ಊರು ಚಿತ್ರದುರ್ಗದ ಹತ್ರ. ಆಷಾಢದಲ್ಲಿ ಕೋಟೆ ಮೇಲೆ ಹೋದ್ರೆ ಗಾಳಿ ಹೆಂಗೆ ನೂಕುತ್ತೆ ಅಂತ ದುರ್ಗದೋರಿಗೆ ಹೇಳಿಕೊಡಬೇಕಿಲ್ಲ, ಗುಡ್ಡದ ಮೇಲೆ ಅಷ್ಟು ಫ್ಯಾನು ಸುಮ್ನೆ ನಿಲ್ಲಿಸಿಲ್ಲ. ಎತ್ತರದ ಬಿಲ್ಡಿಂಗಿಗೆ ಅದರ ಭಾರಕ್ಕಿಂತ ದೊಡ್ಡ ತಲೆನೋವು ಈ ಗಾಳಿನೇ. ಬಿಲ್ಡಿಂಗ್ ಎತ್ತರ ಡಬಲ್ ಆದ್ರೆ, ಗಾಳಿ ಅಷ್ಟೇ ಇದ್ರೂನೂ ಬುಡದಲ್ಲಿ ಅದನ್ನ ಮಗುಚೋ ಜೋರು ನಾಲ್ಕು ಪಟ್ಟಾಗುತ್ತೆ, ಮೇಲೆ ಹೋದಂಗೆ ಗಾಳಿನೂ ಜಾಸ್ತಿ ಅನ್ನೋದು ಬೇರೆ. ಇನ್ನೊಂದು ಕಿತಾಪತಿ ಇದೆ. ಕರೆಂಟ್ ವೈರು ಗಾಳಿಗೆ ಗುಂಯ್ ಅಂತ ಕೂಗೋದು ಕೇಳಿರ್ತೀರಿ, ಅದು ಯಾಕೆ ಅಂದ್ರೆ ಗಾಳಿ ವೈರನ್ನ ದಾಟಿ ಹೋಗುವಾಗ ಹಿಂದೆ ಸುಳಿ ಏಳ್ತವೆ, ಒಮ್ಮೆ ಈ ಪಕ್ಕ ಒಮ್ಮೆ ಆ ಪಕ್ಕ. ಬಿಲ್ಡಿಂಗಿಗೂ ಹಂಗೇ. ಆ ಸುಳಿಗಳ ತಾಳ ಬಿಲ್ಡಿಂಗಿನ ಸ್ವಂತ ತೂಗಾಟದ ತಾಳಕ್ಕೆ ಕೂಡಿಬಿಟ್ರೆ ಪಂಚಮಿ ಜೋಕಾಲಿ ಜೀಕಿದಂಗೆ, ಒಂದೊಂದು ಸಲ ಸ್ವಲ್ಪ ಸ್ವಲ್ಪ ನೂಕಿದ್ರೂ ಸಾಕು, ಏರ್ತಾನೇ ಹೋಗುತ್ತೆ.

ದುಬೈನ ಬುರ್ಜ್ ಖಲೀಫಾ 828 ಮೀಟರ್ ಇದೆಯಲ್ಲ, ಅದು ಮೂರು ರೆಕ್ಕೆ ಇಟ್ಕೊಂಡು ಮೇಲೆ ಹೋದಂಗೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಆಗೋದು ಬರೀ ಚಂದಕ್ಕಲ್ಲ. ಒಂದೊಂದು ಎತ್ತರದಲ್ಲಿ ಒಂದೊಂದು ಅಗಲ ಇದ್ರೆ ಸುಳಿಗಳಿಗೆ ಒಂದೇ ತಾಳ ಸಿಗಲ್ಲ, ಗಾಳಿಗೇ ಗಲಿಬಿಲಿ. ಅದರ ಸ್ಟ್ರಕ್ಚರ್ ಮಾಡಿದ ಬಿಲ್ ಬೇಕರ್ ತಂಡ ಮಾದರಿ ಮಾಡಿ ಗಾಳಿ ಸುರಂಗದಲ್ಲಿ ಇಟ್ಟು ಇಟ್ಟು ನೋಡಿ ಆಕಾರ ತಿದ್ದಿದ್ರು. ಕಾಂಕ್ರೀಟನ್ನ 600 ಮೀಟರ್‌ಗಿಂತ ಮೇಲಕ್ಕೆ ಪಂಪ್ ಮಾಡಿದಾರೆ, ಬೇಸಿಗೇಲಿ ರಾತ್ರಿ ಹೊತ್ತು ಐಸ್ ಸೇರಿಸಿ ಹಾಕಿದಾರೆ. ನಾವು ಮೇ ತಿಂಗಳ ಮಧ್ಯಾಹ್ನ ದಾವಣಗೆರೆ ಬಿಸಿಲಲ್ಲಿ ಮೋಲ್ಡ್ ಹಾಕ್ತೀವಿ, ಕಲಸಿದ ಕಾಂಕ್ರೀಟು ಗಟ್ಟಿ ಆಯ್ತು ಅಂತ ಅದರೊಳಗೇ ಪೈಪ್ ಹಿಡಿದು ನೀರು ಬಿಡ್ತೀವಿ. ಆ ಒಂದು ಪೈಪ್ ನೀರಲ್ಲಿ ಕಾಂಕ್ರೀಟಿನ ಶಕ್ತಿ ಎಷ್ಟು ಸೋರಿ ಹೋಗುತ್ತೆ ಅಂತ ಮೇಸ್ತ್ರಿಗೆ ಹೇಳಿದ್ರೆ, "ಮೂವತ್ತು ವರ್ಷದಿಂದ ಹಿಂಗೇ ಹಾಕ್ತಿದೀನಿ ಸಾರ್" ಅಂತಾನೆ.

ಇನ್ನೊಬ್ರ ಹೆಸರು ಹೇಳದೆ ಮುಂದೆ ಹೋಗೋಕೆ ಮನಸಿಲ್ಲ, ಇಂಜಿನಿಯರ್ ಫಜ್ಲುರ್ ರೆಹಮಾನ್ ಖಾನ್. 1929ರಲ್ಲಿ ಢಾಕಾದಲ್ಲಿ ಹುಟ್ಟಿದೋರು. ಪಿಲ್ಲರ್‌ಗಳನ್ನ ಒಳಗೆಲ್ಲ ಹರಡೋ ಬದಲು ಹೊರಗೋಡೆಗೆ ತಂದು ಒತ್ತೊತ್ತಾಗಿ ನಿಲ್ಲಿಸಿ ಇಡೀ ಬಿಲ್ಡಿಂಗನ್ನೇ ಒಂದು ಕೊಳವೆ ಮಾಡಿಬಿಟ್ರು, ನಮ್ಮ ಬಿದಿರಿನ ಥರ, ಒಳಗೆ ಪೊಳ್ಳು, ಶಕ್ತಿಯೆಲ್ಲ ಸಿಪ್ಪೇಲಿ. ಷಿಕಾಗೋದ ಸಿಯರ್ಸ್ ಟವರ್, ಈಗಿನ ಹೆಸರು ವಿಲ್ಲಿಸ್ ಟವರ್, 442 ಮೀಟರ್, ಅಂಥ ಒಂಬತ್ತು ಕೊಳವೆ ಸೇರಿಸಿ ಕಟ್ಟಿದ ಕಂತೆ ಅದು. ತೈವಾನಿನ ತೈಪೆ 101 ಬಿಲ್ಡಿಂಗಲ್ಲಿ ಮೇಲ್ಗಡೆ 660 ಟನ್ನಿನ ಕಬ್ಬಿಣದ ಗುಂಡು ನೇತು ಹಾಕಿದಾರೆ, ಬಸ್ಸು ಮುಂದಕ್ಕೆ ಎಳೆದ್ರೆ ನಿಂತೋನು ಹಿಂದಕ್ಕೆ ವಾಲ್ತಾನಲ್ಲ, ಹಂಗೆ ಬಿಲ್ಡಿಂಗ್ ಒಂದು ಕಡೆ ಹೋದ್ರೆ ಗುಂಡು ಹಿಂದೆ ಉಳಿದು ಎಳೀತದೆ, ತೂಗಾಟ ತಗ್ಗುತ್ತೆ.

ಇಷ್ಟೆಲ್ಲ ಗಾಳಿಗೆ ಹೆದರಿ ಹೆದರಿ ಕಟ್ಟಿರೋದ್ರಿಂದನೇ ಅವು ನಿಂತಿದಾವೆ. ಹಂಗಂತ ಅವರು ತಪ್ಪೇ ಮಾಡಲ್ಲ ಅಂತಲ್ಲ, ಮಾಡ್ತಾರೆ, ಆದ್ರೆ ನಾನು ಓದಿದ ಮಟ್ಟಿಗೆ ದೊಡ್ಡ ದೊಡ್ಡ ತಪ್ಪೆಲ್ಲ ನುಸುಳಿರೋದು ಡ್ರಾಯಿಂಗ್ ಮುಗಿದ ಮೇಲೆ. ಯಾರೋ ಒಬ್ರು "ಇದೊಂದು ಚೂರು ಬದಲಾಯಿಸಿದ್ರೆ ಏನಾಗುತ್ತೆ" ಅಂದಾಗ.

ನ್ಯೂಯಾರ್ಕಿನ ಸಿಟಿಕಾರ್ಪ್ ಸೆಂಟರ್ ಕಥೆ ಕೇಳ್ರಿ. 59 ಫ್ಲೋರು, 1977ರಲ್ಲಿ ಮುಗೀತು. ಜಾಗದ ಒಂದು ಮೂಲೇಲಿ ಚರ್ಚ್ ಇರಬೇಕಿತ್ತು, ಅಲ್ಲಿ ಪಿಲ್ಲರ್ ಇಳಿಸಂಗಿಲ್ಲ. ಅದಕ್ಕೆ ಇಂಜಿನಿಯರ್ ವಿಲಿಯಂ ಲೆಮೆಷರ್ ಏನ್ ಮಾಡಿದ್ರು ಅಂದ್ರೆ ಮಂಚದ ಕಾಲನ್ನ ಮೂಲೆ ಬಿಟ್ಟು ಪಟ್ಟಿಗಳ ನಡುಮಧ್ಯಕ್ಕೆ ಕೊಟ್ಟಂಗೆ, ನಾಲ್ಕೂ ಬದಿಯ ಮಧ್ಯದಲ್ಲಿ ಒಂಬತ್ತು ಫ್ಲೋರ್ ಎತ್ತರದ ಕಾಲು ನಿಲ್ಲಿಸಿ ಅದರ ಮೇಲೆ ಬಿಲ್ಡಿಂಗ್ ಕೂರಿಸಿದ್ರು. ಗಾಳಿ ತಡೆಯೋಕೆ ಗೋಡೆಯೊಳಗೆ ದೊಡ್ಡ ದೊಡ್ಡ ಓರೆ ಕಬ್ಬಿಣ, ಅವುಗಳ ಜಾಯಿಂಟಿಗೆ ಪೂರ್ತಿ ವೆಲ್ಡಿಂಗ್ ಅಂತ ಡ್ರಾಯಿಂಗಲ್ಲಿತ್ತು. ಕಬ್ಬಿಣದ ಕೆಲಸ ಹಿಡಿದೋರು ವೆಲ್ಡಿಂಗ್ ದುಬಾರಿ, ಬೋಲ್ಟ್ ಸಾಕು ಅಂದ್ರು, ಲೆಮೆಷರ್ ಆಫೀಸಿನೋರೇ ಆಯ್ತು ಅಂದ್ರು, ಅವರ ಕಿವಿಗೆ ಬೀಳಲೇ ಇಲ್ಲ. 1978ರಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆಯಿಂದ ಅವರು ಮತ್ತೆ ಲೆಕ್ಕಕ್ಕೆ ಕೂತ್ರು. ಎದುರಿಂದ ಬರೋ ಗಾಳಿಗೆ ಲೆಕ್ಕ ಸರಿ ಇತ್ತು, ಮೂಲೆಯಿಂದ ಓರೆಯಾಗಿ ಬರೋ ಗಾಳಿಗೆ ಓರೆ ಕಬ್ಬಿಣದ ಮೇಲಿನ ಜೋರು 40 ಪರ್ಸೆಂಟ್ ಏರ್ತಿತ್ತು, ಜಾಯಿಂಟಲ್ಲಿ ಅದು 160 ಪರ್ಸೆಂಟ್! ವೆಲ್ಡಿಂಗ್ ಇದ್ದಿದ್ರೆ ತಡೀತಿತ್ತು, ಇದ್ದದ್ದು ಬೋಲ್ಟು.

ಮುಚ್ಚಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಆ ಮನುಷ್ಯ ಹೋಗಿ ಓನರಿಗೆ ನನ್ನ ಬಿಲ್ಡಿಂಗಲ್ಲಿ ತಪ್ಪಿದೆ ಅಂದ್ರು. ಆಗಸ್ಟಿಂದ ರಾತ್ರಿ ಹೊತ್ತು, ಆಫೀಸಿನೋರೆಲ್ಲ ಮನೆಗೆ ಹೋದ ಮೇಲೆ, ಗೋಡೆ ಬಿಚ್ಚಿ ಒಂದೊಂದೇ ಜಾಯಿಂಟಿಗೆ ಎರಡಿಂಚು ದಪ್ಪದ ಪ್ಲೇಟ್ ವೆಲ್ಡ್ ಮಾಡಿದ್ರು, ಬೆಳಿಗ್ಗೆ ಹೊತ್ತಿಗೆ ಕ್ಲೀನ್ ಮಾಡಿ ಬಿಟ್ಟುಕೊಡೋದು. ಅರ್ಧ ಕೆಲಸ ಆಗಿರುವಾಗ ಎಲ್ಲಾ ಅನ್ನೋ ಹೆಸರಿನ ಚಂಡಮಾರುತ ಬೇರೆ ಬಂತು, ಪುಣ್ಯಕ್ಕೆ ಸಮುದ್ರದ ಕಡೆ ತಿರುಗಿ ಹೋಯ್ತು. ಆಗ ಊರಲ್ಲಿ ಪೇಪರಿನೋರ ಸ್ಟ್ರೈಕ್ ಇತ್ತು, ಸುದ್ದಿ ಆಗಲಿಲ್ಲ, ಜನಕ್ಕೆ ಗೊತ್ತಾಗಿದ್ದು 1995ರಲ್ಲಿ. ಎಲ್ರೂ ಅವರನ್ನ ಹೊಗಳ್ತಾರೆ, ನಾನೂ ಹೊಗಳ್ತೀನಿ, ಆದ್ರೆ ಅಷ್ಟು ದಿನ ಆ ಬಿಲ್ಡಿಂಗಲ್ಲಿ ಕೆಲಸ ಮಾಡಿದೋರಿಗೆ, ಅಕ್ಕಪಕ್ಕದೋರಿಗೆ ಒಂದು ಮಾತು ಹೇಳಲಿಲ್ಲವಲ್ಲ, ಅದು ನನಗೆ ಇವತ್ತಿಗೂ ಸರಿ ಅನ್ಸಲ್ಲ.

ಅಮೆರಿಕದ್ದೇ ಕ್ಯಾನ್ಸಸ್ ಸಿಟಿಯ ಒಂದು ಹೋಟೆಲಿಂದು ಇದಕ್ಕಿಂತ ಚಿಕ್ಕ ಬದಲಾವಣೆ. ಒಳಗಡೆ ಮೇಲೊಂದು ಕೆಳಗೊಂದು ನೇತಾಡೋ ಸೇತುವೆ, ಎರಡನ್ನೂ ಛಾವಣಿಯಿಂದ ಇಳಿದ ಒಂದೇ ಉದ್ದ ರಾಡು ಹಿಡೀಬೇಕಿತ್ತು. ಅಷ್ಟುದ್ದ ರಾಡು ಕಷ್ಟ ಅಂತ ಎರಡು ತುಂಡು ಮಾಡಿದ್ರು, ಕೆಳಗಿನ ಸೇತುವೆನ ಮೇಲಿನ ಸೇತುವೆಗೇ ನೇತು ಹಾಕಿದ್ರು. ಬಾವಿಗೆ ಇಳಿದ ಇಬ್ರೂ ಹಗ್ಗ ಹಿಡಿಯೋದು ಬೇರೆ, ಒಬ್ಬ ಹಗ್ಗ ಹಿಡಿದು ಇನ್ನೊಬ್ಬ ಅವನ ಕಾಲು ಹಿಡಿಯೋದು ಬೇರೆ ಅಲ್ವಾ. ಮೇಲಿನ ನಟ್ಟಿಗೆ ಡಬಲ್ ಭಾರ ಬಿತ್ತು. 1981ರ ಜುಲೈ 17, ಎರಡೂ ಸೇತುವೆ ಕಳಚಿ ಬಿದ್ದು 114 ಜನ ಸತ್ರು.

ಆದ್ರೆ ನನ್ನನ್ನ ಜಾಸ್ತಿ ಕಾಡೋದು ಸಿಯೋಲಿನ ಸಾಂಪೂಂಗ್ ಅಂಗಡಿ. ಅದೇನು ಆಕಾಶ ಮುಟ್ಟೋ ಬಿಲ್ಡಿಂಗ್ ಅಲ್ಲ, ಐದೇ ಫ್ಲೋರು, ಅದರಲ್ಲೂ ಪ್ಲಾನಲ್ಲಿದ್ದದ್ದು ನಾಲ್ಕು. ಮಧ್ಯದಲ್ಲಿ ಓನರ್ ಮನಸು ಬದಲಾಯಿಸಿ ಡಿಪಾರ್ಟ್‌ಮೆಂಟ್ ಸ್ಟೋರ್ ಮಾಡ್ರಿ ಅಂದ. ಎಸ್ಕಲೇಟರ್‌ಗೆ ಅಡ್ಡ ಅಂತ ಪಿಲ್ಲರ್ ತೆಗೆಸಿದ, ಇರೋ ಪಿಲ್ಲರ್ ಸಣ್ಣ ಆದ್ವು, ಮೇಲೆ ಐದನೇ ಫ್ಲೋರ್ ಬಂತು, ಅದರಲ್ಲಿ ಹೋಟೆಲು, ಕೂತು ಉಣ್ಣೋಕೆ ಬಿಸಿ ನೆಲ ಬೇಕು ಅಂತ ಮತ್ತಷ್ಟು ಕಾಂಕ್ರೀಟು. ಮೊದಲು ಕೆಲಸ ಹಿಡಿದಿದ್ದ ಕಾಂಟ್ರಾಕ್ಟರ್ ಕಂಪನಿ ಇದು ಆಗಲ್ಲ ಅಂತು. ಓನರ್ ಅವರನ್ನ ತೆಗೆದು ತನ್ನದೇ ಕಂಪನಿ ಕೈಲಿ ಮುಗಿಸಿದ. ಇದನ್ನ ಓದಿದ ದಿನ ನನಗೆ ಸೈಟಿನ ಆ ಕುರ್ಚಿ ನೆನಪಾಗಿ ಊಟ ಸೇರಲಿಲ್ಲ. ಆಮೇಲೆ ಛಾವಣಿ ಮೇಲಿನ ದೊಡ್ಡ ಎಸಿ ಮಷೀನು ಪಕ್ಕದ ಮನೆಯೋರಿಗೆ ಗದ್ದಲ ಅಂತ ಎತ್ತದೆ ಹಂಗೇ ಎಳ್ಕೊಂಡು ಇನ್ನೊಂದು ಕಡೆ ತಂದ್ರು, ಸ್ಲ್ಯಾಬ್ ಬಿರುಕು ಬಿಡ್ತು. 1995ರ ಜೂನ್ 29, ಬೆಳಿಗ್ಗೆಯಿಂದನೇ ಐದನೇ ಫ್ಲೋರಲ್ಲಿ ಬಿರುಕು ದೊಡ್ಡದಾಗ್ತಿದ್ರೂ ಗಿರಾಕಿ ಇದಾರೆ ಅಂತ ಅಂಗಡಿ ಮುಚ್ಚಲಿಲ್ಲ, ಸಂಜೆ ಹೊತ್ತಿಗೆ ಕುಸಿದೇ ಬಿಡ್ತು. 502 ಜನ.

ಇದೆಲ್ಲ ಹೊರದೇಶದ್ದು ಅನ್ನಬೇಡ್ರಿ, ಧಾರವಾಡ ಇಲ್ಲಿಂದ ಎಷ್ಟು ದೂರ? 2019ರ ಮಾರ್ಚಲ್ಲಿ ಇನ್ನೂ ಕಟ್ತಾ ಇದ್ದ ಬಿಲ್ಡಿಂಗ್ ಬಿದ್ದು 19 ಜನ ಹೋದ್ರು. 2001ರ ಭುಜ್ ಭೂಕಂಪದಲ್ಲಿ 200 ಕಿಲೋಮೀಟರ್‌ಗಿಂತ ದೂರ ಇದ್ದ ಅಹಮದಾಬಾದಲ್ಲಿ ಅಪಾರ್ಟ್‌ಮೆಂಟ್ ಬಿದ್ವಲ್ಲ, ಅವುಗಳಲ್ಲಿ ಎಷ್ಟೋ ಕೆಳಗೆ ಬರೀ ಪಿಲ್ಲರ್ ಬಿಟ್ಟು ಪಾರ್ಕಿಂಗ್ ಮಾಡಿದ್ದವೇ. ಮೇಲೆಲ್ಲ ಗೋಡೆ ಗಟ್ಟಿ, ಕೆಳಗೆ ಗೋಡೆನೇ ಇಲ್ಲ, ಅಲ್ಲಾಡಿದಾಗ ಪೂರ್ತಿ ಏಟು ಕೆಳಗಿನ ಪಿಲ್ಲರಿಗೆ. ನಮ್ಮ ಕಡೆ ಭೂಕಂಪದ ಭಯ ಕಡಿಮೆ ನಿಜ, ಆದ್ರೆ ಭೂಕಂಪಕ್ಕೆ ಇದ್ದಂಗೆ ಭಾರಕ್ಕೆ ಝೋನ್ ಇಲ್ಲವಲ್ಲ. ಪಿಲ್ಲರಿನ ಉದ್ದ ಕಬ್ಬಿಣನ ಸುತ್ತಿ ಹಿಡಿಯೋ ರಿಂಗಿನ ಕೊಕ್ಕೆ ಒಳಗಡೆಗೆ ಬಗ್ಗಿಸ್ರಿ ಅಂದ್ರೆ ಬಾರ್ ಬೆಂಡರ್ ತೊಂಬತ್ತು ಡಿಗ್ರಿಗೆ ಬಿಟ್ಟು ಕೈ ತೊಳ್ಕೊಳ್ತಾನೆ, ಪಿಲ್ಲರಿಗೆ ಏಟು ಬಿದ್ದಾಗ ಮೊದಲು ಬಿಚ್ಚಿಕೊಳ್ಳೋದೇ ಆ ರಿಂಗು. ಭದ್ರಾ ಕಾಲುವೆ ನೀರು ಹರೀತಿದ್ದ ಗದ್ದೆಗಳೇ ಈಗ ಲೇಔಟು, ಕೆಳಗೆ ಎರೆಮಣ್ಣು, ಮಳೆಗೆ ಉಬ್ಬುತ್ತೆ ಬೇಸಿಗೆಗೆ ಬಿರಿಯುತ್ತೆ, ಅಲ್ಲೂ ಮಣ್ಣು ಪರೀಕ್ಷೆ ಯಾಕೆ ಪಕ್ಕದ ಸೈಟಲ್ಲಿ ಐದಡಿ ತೆಗೆದಿದಾರೆ ನಮಗೂ ಐದಡಿ ಸಾಕು ಅನ್ನೋದು. ಐವತ್ತು ಮೀಟರ್ ಮೇಲಿನ ಬಿಲ್ಡಿಂಗಿಗೆ ಅಂತನೇ 2017ರಲ್ಲಿ ಐಎಸ್ 16700 ಅಂತ ಬೇರೆ ಕೋಡ್, ಅಂದ್ರೆ ಹೆಂಗೆ ಡಿಸೈನ್ ಮಾಡಬೇಕು ಅನ್ನೋ ನಿಯಮದ ಪುಸ್ತಕ, ಬಂದಿದೆ. ನಮ್ಮ ನಾಲ್ಕು ಫ್ಲೋರಿಗೂ ಕೋಡ್ ಇಲ್ಲ ಅಂತಲ್ಲ, ಇದೆ, ಸೈಟಿಗೆ ಬಂದು ನೋಡೋರು ಇಲ್ಲ. ಅಕ್ಕನ ಮಗನಿಗೂ ಇದನ್ನೇ ಹೇಳಿದ್ದು, ಮೂವತ್ತನೇ ಫ್ಲೋರ್ ತಗೋ, ಆದ್ರೆ ಬಿಲ್ಡರ್ ಹತ್ರ ಈಜುಕೊಳದ ಫೋಟೋ ಕೇಳೋ ಬದಲು ಸ್ಟ್ರಕ್ಚರಲ್ ಡಿಸೈನ್ ಮಾಡಿದ್ಯಾರು, ಅದನ್ನ ಇನ್ನೊಬ್ರು ಚೆಕ್ ಮಾಡಿದಾರಾ, ಮಧ್ಯದಲ್ಲಿ ಏನೇನು ಬದಲಾಯ್ತು ಅಂತ ಕೇಳು.

ಮೊನ್ನೆ ಬುಧವಾರ ಅದೇ ಸಾವ್ಕಾರ್ರ ಫೋನು. ಹಳೇದೆಲ್ಲ ಮರೆತವರ ಥರ "ಇಂಜಿನಿಯರ್ ಸಾಹೇಬ್ರೆ, ಮೇಲೆ ಇನ್ನೊಂದು ಫ್ಲೋರ್ ಎಳೀಬೇಕು, ಲಿಫ್ಟೂ ಕೂರಿಸಬೇಕು, ಬಂದು ನೋಡ್ರಿ" ಅಂದ್ರು. ಡಿಪ್ಲೊಮಾದೋನಿಗೆ ಇಂಜಿನಿಯರ್ ಅಂತಾರೆ ಅಂದ್ರೆ ಕೆಲಸ ಇದೆ ಅಂತ ಅರ್ಥ. ಹೋದೆ. ಬೆಣ್ಣೆ ದೋಸೆ ತರಿಸಿದ್ರು, ತಿಂದೆ, ಅದಕ್ಕೇನು. ಆಮೇಲೆ ಹಳೆ ಡ್ರಾಯಿಂಗ್ ಕೊಡ್ರಿ ಅಂದೆ. "ಯಾವ ಡ್ರಾಯಿಂಗು?" ಅಂದ್ರು. ಒಳಗಿಂದ ಅವರ ಮನೆಯೋರು, ಅಡುಗೆಮನೆ ಶೆಲ್ಫಿಗೆ ಹಾಸಿದ್ದು ಅವೇ ಇರಬೇಕು ನೋಡ್ರಿ ಅಂತ ಡಬ್ಬಿ ಎಲ್ಲ ಇಳಿಸಿ ತಂದುಕೊಟ್ರು. ಎಣ್ಣೆ ಕ್ಯಾನಿನ ಗುಂಡನೆ ಗುರುತು ಬಿದ್ದಿತ್ತು, ಪಿಲ್ಲರ್ ಹಾಳೆ ಇತ್ತು, ಫುಟಿಂಗ್ ಹಾಳೆ ಇರಲಿಲ್ಲ. ಆ ಮುಂದಿನ ಪಿಲ್ಲರ್ ಮೇಲೆ ಬೆರಳಿಟ್ಟು, ಇದು ಈಗ ಎಲ್ಲಿದೆ ಸಾವ್ಕಾರ್ರೆ ಅಂದೆ. ಅವರು ಎದ್ದು ಬಾಲ್ಕನಿಗೆ ಹೋಗಿ ಕೆಳಗಡೆ ಶಟರ್ ಕಡೆ ನೋಡ್ತಾ ನಿಂತ್ರು.