ಸ್ವಲ್ಪ ಎಡಕ್ಕೆ, ಮೇಷ್ಟ್ರೇ

ಇದನ್ನು ಬರೆಯುವ ಹೊತ್ತಿಗೆ ನನ್ನ ಕುತ್ತಿಗೆ ಬಲಕ್ಕೆ ಮಾತ್ರ ತಿರುಗುತ್ತಿದೆ. ಎಡಗಡೆಯಿಂದ ಯಾರಾದರೂ ಕರೆದರೆ ಇಡೀ ಮನುಷ್ಯನೇ ತಿರುಗಬೇಕು. ಮೂರು ಸಲ ಸ್ನಾನ ಆದರೂ ಉಗುರಿನ ಸಂದಿಯ ಗ್ರೀಸ್ ಹೋಗಿಲ್ಲ. ಇಷ್ಟಕ್ಕೆಲ್ಲ ಕಾರಣ ಒಂದೇ ಮುಷ್ಟಿಯಲ್ಲಿ ಹಿಡಿಸುವ ನಾಲ್ಕು ರಬ್ಬರ್ ಬುಷ್ಷು.

ನನ್ನದು 1971ರ ಎಂಜಿಬಿ ಕಾರು. ಎರಡೇ ಸೀಟು, ಮಡಚಿಡುವ ಟಾಪು. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ಎಂಜಿಬಿಯ ಎಲ್ಲ ಮಾದರಿ ಸೇರಿ ಐದು ಲಕ್ಷಕ್ಕೂ ಹೆಚ್ಚು ಕಾರು ಮಾಡಿದರು. ಅಂದರೆ ಇದರ ಕೆಳಗೆ ಅಂಗಾತ ಮಲಗಿ ಗೊಣಗಿದವನು ನಾನೊಬ್ಬನೇ ಅಲ್ಲ. ಸದ್ಯಕ್ಕೆ ಅದೇ ಸಮಾಧಾನ.

ಮೊದಲು ಒಂದು ಶಬ್ದ ಶುರುವಾಯಿತು. ಕಟಕ್. ಹಂಪ್ ಹತ್ತುವಾಗ ಒಂದು, ಇಳಿಯುವಾಗ ಒಂದು. ಜೋರಾಗಿ ಬ್ರೇಕ್ ಹಾಕಿದರೆ ಕೊಸರಿಗೆ ಇನ್ನೊಂದು. ನೀವು ಏನು ಮಾಡ್ತೀರೋ ನಾನೂ ಅದನ್ನೇ ಮಾಡಿದೆ. ರೇಡಿಯೋ ಸೌಂಡ್ ಜಾಸ್ತಿ ಮಾಡಿದೆ. ಆರು ತಿಂಗಳು ಆ ರಿಪೇರಿ ಚೆನ್ನಾಗಿಯೇ ನಡೆಯಿತು. ಆಮೇಲೆ ಬ್ರೇಕ್ ಹಾಕಿದಾಗಲೆಲ್ಲ ಕಾರು ಮೆಲ್ಲಗೆ ಎಡಕ್ಕೆ ಎಳೆಯತೊಡಗಿತು. ಅದಕ್ಕೆ ರೇಡಿಯೋದಲ್ಲಿ ಮದ್ದಿಲ್ಲ.

ಬುಷ್ ಅಂದರೆ ದೊಡ್ಡ ಸಂಗತಿಯೇನಲ್ಲ. ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್ ಇದೆಯಲ್ಲ, ಅದು ಗಾಡಿಯ ಅಡಿಗೆ ಸೇರುವ ಕಡೆ ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ನಡುವೆ ಕೂತಿರುವ ರಬ್ಬರ್ ಬಳೆ. ಈ ಕಾರುಗಳ ಎಂಜಿನ್ ಎಣ್ಣೆ ಸುರಿಸುವುದರಲ್ಲಿ ಧಾರಾಳಿ. ಎಣ್ಣೆ ಕುಡಿದ ರಬ್ಬರ್ ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಉದುರುತ್ತದೆ. ನನ್ನದರಲ್ಲಿ ಒಂದು ಬುಷ್ ಬೆರಳಲ್ಲೇ ಕಿತ್ತುಬಂತು. ಹಳೇ ಚಪ್ಪಲಿಯ ತುಂಡಿನ ಹಾಗಿತ್ತು.

ರಿಪೇರಿ ಪುಸ್ತಕದಲ್ಲಿ ‘ಬೋಲ್ಟ್ ತೆಗೆಯಿರಿ’ ಅಂತ ಬರೆದಿದೆ. ಎರಡೇ ಪದ. ನನಗೆ ಒಂದು ಶನಿವಾರ ಪೂರ್ತಿ ಹಿಡಿಯಿತು. ಇಡೀ ಕಾರು ಇಂಚಿನ ಲೆಕ್ಕದ್ದು, ನನ್ನ ಪಾನಾಗಳೆಲ್ಲ ಮಿಲಿಮೀಟರಿನವು. ಅರ್ಧ ಇಂಚಿನ ನಟ್ಟಿಗೆ 13ರ ಪಾನಾ ಹಾಕಿದರೆ ಕೂತ ಹಾಗೇ ಇರುತ್ತದೆ. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಉಳಿದ 0.3 ಏನು ಮಹಾ ಅಂತ ಬಲ ಹಾಕಿದೆ. ಆರು ಮೂಲೆಯ ನಟ್ಟು ಗುಂಡಗಾಯಿತು. ಇಂಚಿನ ಪಾನಾ ಸೆಟ್ ತಂದದ್ದು ಅದಾದ ಮೇಲೆ.

ಮೇಷ್ಟ್ರು ಬಂದದ್ದು ಹೆಚ್ಚುಕಡಿಮೆ ಆಗಲೇ. ಅವರು ಪಕ್ಕದ ಮನೆಯವರು, ಭೂಗೋಳ ಪಾಠ ಮಾಡಿ ರಿಟೈರ್ ಆದವರು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಕಾರಿನ ಬಾನೆಟ್ ಎತ್ತಿದ ಸದ್ದು ಅವರಿಗೆ ಅದು ಹೇಗೋ ಕೇಳಿಸುತ್ತದೆ. “ಟಾರ್ಚ್ ನಾನು ಹಿಡೀತೀನಿ, ನೀನು ಕೆಲಸ ನೋಡಪ್ಪಾ” ಅಂದರು.

ಟಾರ್ಚ್ ಹಿಡಿಯುವುದು ಅಂದರೆ ಕೆಲಸ ಮಾಡುವವನು ನೋಡುವ ಕಡೆಗೆ ಬೆಳಕು ಬಿಡುವುದು, ಅಲ್ವಾ? ಮೇಷ್ಟ್ರ ಪದ್ಧತಿ ಬೇರೆ. ಅವರು ತಾವು ನೋಡುವ ಕಡೆಗೆ ಬೆಳಕು ಬಿಡುತ್ತಾರೆ. ಅವರ ಕಣ್ಣು ಒಂದು ಕಡೆ ನಿಲ್ಲುವುದಿಲ್ಲ. ಗೋಡೆಗೆ ನಕ್ಷೆ ತೂಗುಹಾಕಿ ಕೋಲು ಓಡಿಸಿದ ಹಾಗೆ ಗಾಡಿಯ ಅಡಿಯಲ್ಲೆಲ್ಲ ಬೆಳಕು ಓಡಿಸುತ್ತಾರೆ. “ಇದೇನಪ್ಪಾ?” ಸ್ಟೀರಿಂಗ್ ರ್ಯಾಕ್, ಮೇಷ್ಟ್ರೇ. “ಮೇಲಿರೋದು?” ಅದು ಶಾಕ್ ಅಬ್ಸಾರ್ಬರ್, ಇದರಲ್ಲಿ ಮೇಲಿನ ಆರ್ಮೂ ಅದೇ. “ಭಲೇ! ಎರಡು ಕೆಲಸಕ್ಕೆ ಒಬ್ಬನೇ ಆಳು!” ಅಷ್ಟರಲ್ಲಿ ನನ್ನ ಪಾನಾ ಕತ್ತಲಲ್ಲಿ ಜಾರಿ, ಬೆರಳಿನ ಗಿಣ್ಣು ಕಬ್ಬಿಣಕ್ಕೆ ಬಡಿದಿರುತ್ತದೆ.

ನಾನು ಮಾತಾಡಿದರೆ ಬೆಳಕು ನನ್ನ ಮುಖಕ್ಕೆ. ಅವರು ಮಾತಾಡಿದರೆ ಅವರ ಮುಖಕ್ಕೆ, ಅದೂ ಗದ್ದದ ಕೆಳಗಿಂದ. ಕಾರಿನ ಕೆಳಗೆ ಮಲಗಿದವನಿಗೆ ಆ ದೃಶ್ಯ ಅಷ್ಟು ಒಳ್ಳೆಯದಲ್ಲ.

ಆರ್ಮ್ ಹಿಡಿದಿರುವ ನಟ್ಟಿಗೆ ಕಿರೀಟದ ಹಾಗೆ ಹಲ್ಲುಗಳಿವೆ. ಹಲ್ಲಿನ ಸಂದಿಯಲ್ಲಿ ಒಂದು ಸ್ಪ್ಲಿಟ್ ಪಿನ್ನು ತೂರಿಸಿರುತ್ತಾರೆ, ನಟ್ಟು ತಾನಾಗಿ ಬಿಚ್ಚಿಕೊಳ್ಳಬಾರದು ಅಂತ. ನನ್ನ ಪಿನ್ನು ತುಕ್ಕು ಹಿಡಿದು ತೂತಿನೊಳಗೇ ಮುರಿಯಿತು. ಒಳಗೆ ಉಳಿದ ತುಂಡನ್ನು ಸಣ್ಣ ಪಂಚ್ ಇಟ್ಟು ಹೊಡೆದು ತೆಗೆಯಬೇಕು. ತೂತು ಬೆಂಕಿಕಡ್ಡಿಯಷ್ಟು ದಪ್ಪ. ಬೆಳಕು ಬೇಕೇ ಬೇಕು.

“ಸ್ವಲ್ಪ ಎಡಕ್ಕೆ, ಮೇಷ್ಟ್ರೇ.”

ಬೆಳಕು ಬಲಕ್ಕೆ ಹೋಯಿತು.

“ನನ್ನ ಎಡ ಅಲ್ಲ... ಅಲ್ಲ, ನನ್ನದೇ ಎಡ.”

“ನೀನು ಅಂಗಾತ ಮಲಗಿದ್ದೀಯ. ನಿನ್ನ ಎಡ ಈಗ ಪೂರ್ವ ಅಲ್ವೇನಪ್ಪಾ?”

“ಪೂರ್ವಕ್ಕೇ ಬಿಡಿ ಸಾರ್.”

ಪೂರ್ವಕ್ಕೆ ಬಂತು. ಒಂದು ಕ್ಷಣ ತೂತು ಕಂಡಿತು. ಸುತ್ತಿಗೆ ಎತ್ತಿದೆ. ಬೆಳಕು ಹೊರಟುಹೋಯಿತು. ಹೊಡೆದೆ. ಏನಕ್ಕೆ ಬಿತ್ತು ಅಂತ ಹೆಬ್ಬೆರಳು ಹೇಳಿತು.

“ಕಾಣ್ತಿಲ್ಲ ಮೇಷ್ಟ್ರೇ!”

“ನನಗೆ ಚೆನ್ನಾಗಿ ಕಾಣ್ತಿದೆಯಲ್ಲ!”

ಅವರ ಜಾಗದಲ್ಲಿ ಮಗ ಇದ್ದಿದ್ದರೆ ಎರಡು ಬೈದು ಒಳಗೆ ಕಳಿಸಬಹುದಿತ್ತು. ಎಪ್ಪತ್ತು ದಾಟಿದವರು ಸೊಂಟ ಬಗ್ಗಿಸಿಕೊಂಡು ಮುಕ್ಕಾಲು ಗಂಟೆ ನಿಂತಿದ್ದಾರೆ. ಹೇಗೆ ಬೈಯೋದು? ಬಾಯಿಗೆ ಬಂದ ಬೈಗುಳವನ್ನೆಲ್ಲ ನಟ್ಟಿಗೇ ಅಂದೆ.

ತಲೆಗೆ ಕಟ್ಟುವ ಲೈಟ್ ಇಲ್ಲವಾ ಅಂತ ಕೇಳಬೇಡಿ. ಇದೆ. ಒಮ್ಮೆ ಕಟ್ಟಿಕೊಂಡೂ ನೋಡಿದೆ. ಮೇಷ್ಟ್ರು ತಮ್ಮ ಟಾರ್ಚನ್ನು ಆರಿಸಿ, “ಹಾಗಾದ್ರೆ ನಾನು ಹೊರಡ್ತೀನಪ್ಪಾ” ಅಂದರು. ಲೈಟ್ ಯಾಕೋ ಸರಿ ಇಲ್ಲ ಅಂತ ಬಿಚ್ಚಿಟ್ಟೆ.

ಸ್ಪ್ರಿಂಗ್ ತೆಗೆಯುವಾಗ ಮಾತ್ರ ಅವರನ್ನು ದೂರ ಕಳಿಸಿದೆ. ಅದರಲ್ಲಿ ತಮಾಷೆ ಇಲ್ಲ. ಒತ್ತಿಕೊಂಡು ಕೂತಿರುವ ಸ್ಪ್ರಿಂಗಿನ ಅಡಿಗೆ ಜಾಕ್ ಕೊಟ್ಟು, ಮೇಲಿನ ಬೋಲ್ಟ್ ಬಿಚ್ಚಿ, ಕೂದಲೆಳೆ ಕೂದಲೆಳೆಯಷ್ಟೇ ಇಳಿಸಬೇಕು. ಚಿಮ್ಮಿದರೆ ಕೈಕಾಲು ಉಳಿಯುವುದಿಲ್ಲ. ಗಾಡಿಯನ್ನಂತೂ ಬರೀ ಜಾಕ್ ನಂಬಿ ನಿಲ್ಲಿಸಿರಲಿಲ್ಲ, ಸ್ಟ್ಯಾಂಡ್ ಕೊಟ್ಟಿದ್ದೆ.

ಎಡಗಡೆ ಮುಗಿಯುವಷ್ಟರಲ್ಲಿ ಭಾನುವಾರವೂ ಮುಗಿಯಿತು. ಮುಂದಿನ ವಾರ ಬಲಗಡೆ. ಮೇಷ್ಟ್ರು ಮಗಳ ಮನೆಗೆ ಹೋಗಿದ್ದರು. ಸಿಕ್ಕಿತು ಬಿಡುವು ಅಂತ ತಲೆಗೆ ಲೈಟ್ ಕಟ್ಟಿಕೊಂಡು ಕೂತೆ. ಎಲ್ಲಿ ನೋಡಿದರೆ ಅಲ್ಲಿ ಬೆಳಕು. ನಟ್ಟುಗಳು ಸುಮ್ನೆ ಬಿಚ್ಚಿಕೊಂಡವು. ನಾನು ತಂದದ್ದು ಇದೇ ಕಾರಿನ ಎಂಟು ಸಿಲಿಂಡರಿನ ವಿ8 ಮಾದರಿಯ ಬುಷ್ಷು. ರಬ್ಬರನ್ನು ಉಕ್ಕಿನ ಕೊಳವೆಗೇ ಅಂಟಿಸಿರುತ್ತಾರೆ. ಹಳೆಯದರ ಹಾಗೆ ಎರಡು ಹೋಳು ತಳ್ಳಿ ಕೂರಿಸುವುದಲ್ಲ. ವೈಸಿನಲ್ಲಿ ಒಂದು ಕಡೆ ಸಣ್ಣ ಸಾಕೆಟ್, ಇನ್ನೊಂದು ಕಡೆ ದೊಡ್ಡ ಸಾಕೆಟ್ ಇಟ್ಟು ಒತ್ತಬೇಕು. ಎಡಗಡೆಯದು ಎರಡು ಸಲ ಸೊಟ್ಟಗೆ ಹೋಗಿತ್ತು. ಇದು ಸದ್ದಿಲ್ಲದೆ ಕೂತಿತು.

ಕೊನೆಯ ಬಿಗಿತ ಮಾತ್ರ ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ. ಚಕ್ರ ನೇತಾಡುವಾಗ ಬಿಗಿ ಮಾಡಿದರೆ ಕೆಳಗಿಳಿಸಿದ ಮೇಲೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ನಾಲ್ಕೂ ಚಕ್ರದ ಕೆಳಗೆ ದಪ್ಪ ಹಲಗೆ ಕೊಟ್ಟು ಮತ್ತೆ ತೂರಿದೆ. ಬಿಗಿ ಮಾಡಿ ನೋಡಿದರೆ ನಟ್ಟಿನ ಸಂದಿಯೂ ಬೋಲ್ಟಿನ ತೂತೂ ಒಂದೇ ಸಾಲಿನಲ್ಲಿದ್ದವು. ಇಂಥದ್ದು ಜೀವಮಾನದಲ್ಲಿ ಒಮ್ಮೆ ಆಗುತ್ತದೆ. ಪಿನ್ನು ಒಂದೇ ಏಟಿಗೆ ಒಳಗೆ ಹೋಯಿತು.

“ನೋಡಿದ್ರಾ ಮೇಷ್ಟ್ರೇ!” ಅಂದೆ.

“ರೀ, ಕೆಳಗೆ ಯಾರ ಜೊತೆ ಮಾತಾಡ್ತಿದ್ದೀರಾ?” ಹೆಂಡತಿ ಬಾಗಿಲಿಂದ ಕೇಳಿದಳು.

ಯಾರೂ ಇಲ್ಲ ಅಂದೆ. ಹೌದಲ್ಲ, ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಮಲಗಿದ್ದೆ, ಸರಿಯಾದ ಜಾಗಕ್ಕೇ ಬೆಳಕು ಬಿಟ್ಟುಕೊಂಡು.

ಮೊನ್ನೆ ಮೇಷ್ಟ್ರು ವಾಪಸ್ಸು ಬಂದರು. ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊರಟೆ. ಮೊದಲ ಹಂಪ್ ಬಂತು. ಹತ್ತುವಾಗ ಸದ್ದಿಲ್ಲ, ಇಳಿಯುವಾಗಲೂ ಇಲ್ಲ. ಬ್ರೇಕ್ ಒತ್ತಿದೆ. ಗಾಡಿ ನೆಟ್ಟಗೆ ನಿಂತಿತು. ಹೊಗಳಲಿ ಅಂತ ಅವರ ಮುಖ ನೋಡಿದೆ. ನೋಡಲು ಇಡೀ ಮೈ ತಿರುಗಿಸಬೇಕಾಯಿತು ಅನ್ನಿ.

ಮೇಷ್ಟ್ರು ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಏನನ್ನೋ ಆಲಿಸುತ್ತಿದ್ದರು.

“ಹಿಂದಿನಿಂದ ಕಿರ್ ಅಂತಿದೆ, ಅಲ್ವೇನಪ್ಪಾ?”

ಕೇಳಿಸಿಕೊಂಡೆ. ಹೌದು. ಹಿಂದಿನ ಪಟ್ಟಾ ಸ್ಪ್ರಿಂಗಿನಿಂದ. ಇಷ್ಟು ದಿನ ಕಟಕ್ ಸದ್ದಿನ ಮರೆಯಲ್ಲಿ ಅಡಗಿಕೊಂಡಿತ್ತು. ಅದಕ್ಕೂ ಬುಷ್ ಇರುತ್ತದೆ. ಎರಡೂ ಕಡೆ, ಮುಂದಿನ ತುದಿಗೂ, ಹಿಂದಿನ ತುದಿಗೂ.

“ಭಾನುವಾರ ನೋಡೋಣ ಬಿಡು,” ಅಂತ ಮೇಷ್ಟ್ರು ನನ್ನ ಭುಜ ತಟ್ಟಿದರು, ನೋಯುವ ಕಡೆಯೇ. “ಟಾರ್ಚಿಗೆ ಹೊಸ ಸೆಲ್ ಹಾಕಿಟ್ಟಿದ್ದೀನಿ.”